ಚರ್ಚ್ ಕಚೇರಿಯ ಮುದ್ರಣ ವೆಚ್ಚ: ಕಾಣಿಕೆಯ ಹಣ ಸೋರುವುದೆಲ್ಲಿ?

ಭಾನುವಾರದ ಆರಾಧನಾ ಕ್ರಮ, ಗೀತೆಗಳ ಹಾಳೆ, ವಾರದ ಪ್ರಕಟಣೆಗಳು, ವಿವಾಹ ಪ್ರಕಟಣೆ, ಜ್ಞಾನಸ್ನಾನದ ಪ್ರಮಾಣಪತ್ರ, ಕಾಣಿಕೆಯ ರಸೀದಿ, ಸಭೆಯ ನಡಾವಳಿ ಹೀಗೆ ಚರ್ಚ್ ಕಚೇರಿಯಿಂದ ಹೊರಬೀಳುವ ಕಾಗದದ ಪ್ರಮಾಣ ಮಧ್ಯಮ ಗಾತ್ರದ ಖಾಸಗಿ ಕಚೇರಿಗಿಂತ ಕಡಿಮೆಯೇನಲ್ಲ. ಆದರೆ ಖಾಸಗಿ ಕಚೇರಿಯಲ್ಲಿರುವ ಲೆಕ್ಕಿಗನಾಗಲಿ, ಯಂತ್ರ ಬಲ್ಲ ಸಿಬ್ಬಂದಿಯಾಗಲಿ ಹೆಚ್ಚಿನ ಚರ್ಚ್‌ಗಳಲ್ಲಿ ಇರುವುದಿಲ್ಲ. ಅರೆಕಾಲಿಕ ಗುಮಾಸ್ತರೊಬ್ಬರು ಅಥವಾ ಯುವಜನ ಸಂಘದ ಸ್ವಯಂಸೇವಕರು ಶನಿವಾರ ಸಂಜೆ ಪ್ರಿಂಟರ್ ಮುಂದೆ ಕುಳಿತು ಕೆಲಸ ಮುಗಿಸುತ್ತಾರೆ. ಕಾರ್ಟ್ರಿಡ್ಜ್ ಮುಗಿದರೆ ಹೊಸದನ್ನು ತರಿಸಲಾಗುತ್ತದೆ; ಅದರ ಬಿಲ್ಲು 'ಕಚೇರಿ ಖರ್ಚು' ಎಂಬ ಒಂದೇ ಶೀರ್ಷಿಕೆಯಡಿ ಸೇರಿಹೋಗುತ್ತದೆ. ವರ್ಷಾಂತ್ಯದಲ್ಲಿ ಮುದ್ರಣಕ್ಕೆ ಎಷ್ಟು ಹಣ ಹೋಯಿತೆಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಭಕ್ತರ ಕಾಣಿಕೆಯೇ ಚರ್ಚ್‌ನ ಮುಖ್ಯ ಆದಾಯ. 1983ರ ಕ್ಯಾಥೋಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 1284ನೇ ವಿಧಿ ಆಡಳಿತಗಾರರು ಆದಾಯ-ವೆಚ್ಚದ ಪುಸ್ತಕಗಳನ್ನು ಕ್ರಮಬದ್ಧವಾಗಿ ಇಡಬೇಕೆಂದು ಹೇಳಿದರೆ, 1287ನೇ ವಿಧಿ ಭಕ್ತರು ನೀಡಿದ ಸೊತ್ತಿನ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು ಸೂಚಿಸುತ್ತದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿಯೂ ಖಜಾಂಚಿ ಸಭೆಯ ಮುಂದೆ ಲೆಕ್ಕ ಮಂಡಿಸುವ ರೂಢಿಯಿದೆ. ಆದ್ದರಿಂದ ಪ್ರಿಂಟರ್‌ನ ಶಾಯಿಯ ಲೆಕ್ಕವೂ ಕಾಣಿಕೆ ಪೆಟ್ಟಿಗೆಯ ಲೆಕ್ಕದ ಒಂದು ಭಾಗವೇ ಆಗಿದೆ.

ಕಲ್ಲಚ್ಚಿನಿಂದ ಲೇಸರ್‌ವರೆಗೆ

ಕನ್ನಡ ನಾಡಿನಲ್ಲಿ ಚರ್ಚ್‌ಗೂ ಮುದ್ರಣಕ್ಕೂ ಹಳೆಯ ನಂಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದಿತು. 1894ರಲ್ಲಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದುದೂ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ.

ಇಪ್ಪತ್ತನೇ ಶತಮಾನದಲ್ಲಿ ದೊಡ್ಡ ಪ್ರಮಾಣದ ಕೆಲಸಕ್ಕೆ ಮುದ್ರಣಾಲಯ, ಸಣ್ಣ ಕೆಲಸಕ್ಕೆ ಮೇಣದ ಹಾಳೆಯ ಸೈಕ್ಲೋಸ್ಟೈಲ್ ಯಂತ್ರ ಎಂಬ ವ್ಯವಸ್ಥೆ ಇತ್ತು. ಒಂದು ಮೇಣದ ಹಾಳೆ ಸಿದ್ಧಪಡಿಸುವುದು ಶ್ರಮದ ಕೆಲಸವಾಗಿದ್ದರಿಂದ ಎಷ್ಟು ಪ್ರತಿ ಬೇಕೆಂದು ಮೊದಲೇ ಯೋಚಿಸಲಾಗುತ್ತಿತ್ತು. ಕಂಪ್ಯೂಟರ್ ಮತ್ತು ಪ್ರಿಂಟರ್ ಬಂದ ನಂತರ ಆ ಶ್ರಮ ಇಲ್ಲವಾಯಿತು. ಒಂದು ಗುಂಡಿ ಒತ್ತಿದರೆ ಮುನ್ನೂರು ಪ್ರತಿ ಹೊರಬರುವಾಗ ಎಷ್ಟು ಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ವೆಚ್ಚ ಏರಲು ಇದೂ ಒಂದು ಪ್ರಮುಖ ಕಾರಣ ಎನ್ನಬಹುದು.

ಯಂತ್ರದ ಬೆಲೆ ಬೇರೆ, ಪುಟದ ಬೆಲೆ ಬೇರೆ

ಪ್ರಿಂಟರ್ ಕೊಳ್ಳುವಾಗ ಚರ್ಚ್ ಸಮಿತಿಗಳು ಸಾಮಾನ್ಯವಾಗಿ ಯಂತ್ರದ ಬೆಲೆಯನ್ನು ಮಾತ್ರ ಹೋಲಿಸುತ್ತವೆ. ಆದರೆ ಅಗ್ಗದ ಯಂತ್ರಗಳಲ್ಲಿ ಹಲವು ದುಬಾರಿ ಕಾರ್ಟ್ರಿಡ್ಜ್ ಬಳಸುತ್ತವೆ. ಮೂರು-ನಾಲ್ಕು ವರ್ಷ ದುಡಿಯುವ ಯಂತ್ರದ ನಿಜವಾದ ಬೆಲೆ ಅದು ಮುದ್ರಿಸುವ ಪುಟದ ಬೆಲೆಯಲ್ಲಿದೆ. ಇದನ್ನು ಕಂಡುಕೊಳ್ಳುವುದು ಸುಲಭ: ಕಾರ್ಟ್ರಿಡ್ಜ್‌ನ ಬೆಲೆಯನ್ನು ಅದು ಮುದ್ರಿಸುವ ಪುಟಗಳ ಸಂಖ್ಯೆಯಿಂದ ಭಾಗಿಸಿ, ಕಾಗದದ ಬೆಲೆಯನ್ನು ಸೇರಿಸಿದರಾಯಿತು. ಡ್ರಮ್ ಬೇರೆಯಾಗಿ ಬದಲಿಸಬೇಕಾದ ಯಂತ್ರಗಳಲ್ಲಿ ಅದರ ಪಾಲನ್ನೂ ಸೇರಿಸಬೇಕು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದಾಗಿ, ಕಪ್ಪು-ಬಿಳುಪು ಲೇಸರ್ ಕಾರ್ಟ್ರಿಡ್ಜ್ ಪೆಟ್ಟಿಗೆಯ ಮೇಲಿನ ಪುಟಸಂಖ್ಯೆಯನ್ನು ಐಎಸ್‌ಒ/ಐಇಸಿ 19752 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷಾ ಪುಟದಿಂದ ಅಳೆಯಲಾಗಿರುತ್ತದೆ. ಆ ಪುಟದಲ್ಲಿ ಶಾಯಿ ಆವರಿಸುವುದು ಸುಮಾರು ಶೇ. 5ರಷ್ಟು ಜಾಗವನ್ನು ಮಾತ್ರ. ದಪ್ಪ ಶೀರ್ಷಿಕೆ, ಚರ್ಚ್ ಕಟ್ಟಡದ ಚಿತ್ರ, ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಇರುವ ಪ್ರಕಟಣಾ ಹಾಳೆಯಲ್ಲಿ ಈ ಪ್ರಮಾಣ ಇದರ ಹಲವು ಪಟ್ಟಾಗಬಹುದು; ಪುಟಸಂಖ್ಯೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಎರಡನೆಯದಾಗಿ, ಅನೇಕ ಹೊಸ ಪ್ರಿಂಟರ್‌ಗಳ ಜೊತೆ ಬರುವ ಕಾರ್ಟ್ರಿಡ್ಜ್ ಪೂರ್ತಿ ತುಂಬಿರುವುದಿಲ್ಲ. ಮೊದಲ ಕಾರ್ಟ್ರಿಡ್ಜ್ ಬೇಗ ಮುಗಿದರೆ ಯಂತ್ರ ಕೆಟ್ಟಿದೆ ಎಂದು ಭಾವಿಸಬೇಕಿಲ್ಲ.

ಒಂದು ಮಾದರಿ ಲೆಕ್ಕ

ಒಂದು ಚರ್ಚ್ ಪ್ರತಿ ಭಾನುವಾರ ಎಂಟು ಪುಟಗಳ ಕಿರುಹೊತ್ತಗೆಯನ್ನು 300 ಪ್ರತಿ ಮುದ್ರಿಸುತ್ತದೆ ಎಂದುಕೊಳ್ಳೋಣ. ಎ4 ಹಾಳೆಯನ್ನು ಮಧ್ಯಕ್ಕೆ ಮಡಚಿದರೆ ನಾಲ್ಕು ಪುಟ. ಅಂದರೆ ಒಂದು ಪ್ರತಿಗೆ ಎರಡು ಹಾಳೆ, ನಾಲ್ಕು ಮುದ್ರಣ. ವಾರಕ್ಕೆ 600 ಹಾಳೆ, 1,200 ಮುದ್ರಣ. 52 ವಾರಕ್ಕೆ 31,200 ಹಾಳೆ ಮತ್ತು 62,400 ಮುದ್ರಣ. ಐನೂರು ಹಾಳೆಯ ರೀಮ್ ಲೆಕ್ಕದಲ್ಲಿ 62ಕ್ಕೂ ಹೆಚ್ಚು ರೀಮ್ ಬೇಕು. 80 ಜಿಎಸ್‌ಎಂ ಕಾಗದದ ಒಂದು ರೀಮ್ ಸುಮಾರು ಎರಡೂವರೆ ಕಿಲೋ ತೂಗುವುದರಿಂದ, ವರ್ಷಕ್ಕೆ ಒಂದೂವರೆ ಕ್ವಿಂಟಾಲ್‌ಗೂ ಮೀರಿದ ಕಾಗದ ಈ ಒಂದೇ ಕೆಲಸಕ್ಕೆ ವ್ಯಯವಾಗುತ್ತದೆ.

ಈಗ ಶಾಯಿ. ಲೆಕ್ಕದ ಅನುಕೂಲಕ್ಕಾಗಿ ಮುದ್ರಣವೊಂದಕ್ಕೆ ಎರಡು ರೂಪಾಯಿ ತಗಲುವ ಸಣ್ಣ ಕಾರ್ಟ್ರಿಡ್ಜ್ ಯಂತ್ರವನ್ನು ಊಹಿಸಿದರೆ ವರ್ಷದ ಶಾಯಿ ವೆಚ್ಚ 1,24,800 ರೂಪಾಯಿ. ಮೂವತ್ತು ಪೈಸೆ ತಗಲುವ ಯಂತ್ರವಾದರೆ 18,720 ರೂಪಾಯಿ. ಯಂತ್ರದ ಬೆಲೆಯಲ್ಲಿ ಉಳಿಸಿದ ಕೆಲವು ಸಾವಿರ ರೂಪಾಯಿ ಹೇಗೆ ಕೆಲವೇ ತಿಂಗಳಲ್ಲಿ ಕರಗಿಹೋಗುತ್ತದೆ ಎಂಬುದಕ್ಕೆ ಈ ಅಂತರವೇ ಸಾಕ್ಷಿ. ತಮ್ಮ ಊರಿನ ಇಂದಿನ ದರಗಳನ್ನು ಹಾಕಿ ಪ್ರತಿಯೊಂದು ಚರ್ಚ್ ಇದೇ ಲೆಕ್ಕವನ್ನು ಮಾಡಿನೋಡಬಹುದು.

ಯಾರಿಗೆ ಯಾವ ಯಂತ್ರ?

ಕಾರ್ಟ್ರಿಡ್ಜ್ ಇಂಕ್‌ಜೆಟ್: ತಿಂಗಳಿಗೆ ಕೆಲವೇ ಹತ್ತು ಪುಟ ಬೇಕಾಗುವ ಸಣ್ಣ ಸಭೆಗೆ ಮಾತ್ರ ಹೊಂದುತ್ತದೆ. ಬಳಸದೆ ಬಿಟ್ಟರೆ ಶಾಯಿಯ ರಂಧ್ರಗಳು ಒಣಗಿ ಕಟ್ಟಿಕೊಳ್ಳುತ್ತವೆ.

ಇಂಕ್ ಟ್ಯಾಂಕ್: ಬಾಟಲಿಯಿಂದ ಶಾಯಿ ತುಂಬಿಸುವ ಈ ಯಂತ್ರಗಳಲ್ಲಿ ಪುಟದ ಬೆಲೆ ಬಹಳ ಕಡಿಮೆ. ವಿದ್ಯುತ್ ಬಳಕೆಯೂ ಅಲ್ಪವಾದ್ದರಿಂದ ಕರೆಂಟ್ ಹೋದಾಗ ಕಂಪ್ಯೂಟರ್‌ನ ಯುಪಿಎಸ್ ಮೇಲೂ ನಡೆಯಬಲ್ಲದು. ವೇಗ ಸಾಧಾರಣ, ವಾರಕ್ಕೊಮ್ಮೆಯಾದರೂ ಬಣ್ಣದ ಒಂದು ಪುಟ ಮುದ್ರಿಸುವುದು ಅಗತ್ಯ.

ಲೇಸರ್: ವೇಗ ಮತ್ತು ಅಚ್ಚುಕಟ್ಟಾದ ಅಕ್ಷರಗಳಿಗೆ ಹೆಸರಾದುದು. ಟೋನರ್ ಒಣ ಪುಡಿಯಾದ್ದರಿಂದ ತಿಂಗಳುಗಟ್ಟಲೆ ಬಳಸದಿದ್ದರೂ ಒಣಗುವ ಭಯವಿಲ್ಲ. ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗುವುದರಿಂದ ವಿದ್ಯುತ್ ಸೆಳೆತ ಹೆಚ್ಚು. ಆದಕಾರಣ ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಜೋಡಿಸಬಾರದು.

ಡಿಜಿಟಲ್ ಡುಪ್ಲಿಕೇಟರ್: ಹಳೆಯ ಸೈಕ್ಲೋಸ್ಟೈಲ್‌ನ ತತ್ವವನ್ನೇ ಅನುಸರಿಸುವ ಯಂತ್ರ. 'ರಿಸೊ' ಎಂಬ ಜಪಾನಿ ಹೆಸರಿನಿಂದ ಪರಿಚಿತ. ಒಂದು ಮಾಸ್ಟರ್ ಹಾಳೆ ಕೊರೆದ ಬಳಿಕ ಪ್ರತಿಯೊಂದಕ್ಕೆ ತಗಲುವ ಶಾಯಿ ಅತ್ಯಲ್ಪ. ಮೇಲಿನ ಕಿರುಹೊತ್ತಗೆಗೆ ನಾಲ್ಕು ಮಾಸ್ಟರ್ ಬೇಕು. ಮಾಸ್ಟರ್‌ಗೆ 50 ರೂಪಾಯಿ, ಮುದ್ರಣಕ್ಕೆ 10 ಪೈಸೆ ಎಂದು ಊಹಿಸಿದರೆ 300 ಪ್ರತಿಗೆ ತಗಲುವುದು 320 ರೂಪಾಯಿ. ಮೂವತ್ತು ಪೈಸೆಯ ಯಂತ್ರದಲ್ಲಿ 360 ರೂಪಾಯಿ. ಎಂದರೆ ಸುಮಾರು 250 ಪ್ರತಿ ದಾಟಿದರೆ ಮಾತ್ರ ಲಾಭ. ನೂರು ಪ್ರತಿಗೆ ಇದನ್ನು ಬಳಸಿದರೆ ನಷ್ಟವೇ.

ಪವಿತ್ರ ವಾರ, ಕ್ರಿಸ್ಮಸ್, ಚರ್ಚ್‌ನ ವಾರ್ಷಿಕ ಹಬ್ಬ ಮೊದಲಾದ ಸಂದರ್ಭಗಳಲ್ಲಿ ಬೇಡಿಕೆ ಏಕಾಏಕಿ ಏರುತ್ತದೆ. ಗರಿಗಳ ಭಾನುವಾರದಿಂದ ಈಸ್ಟರ್‌ವರೆಗಿನ ಎಂಟು ದಿನಗಳಲ್ಲಿ ಹಲವು ಆರಾಧನಾ ಕ್ರಮಗಳು ಬೇಕಾಗುತ್ತವೆ. ಅಂಥ ದೊಡ್ಡ ಕೆಲಸವನ್ನು ಕಚೇರಿಯ ಯಂತ್ರದ ಮೇಲೆ ಹೇರುವ ಮೊದಲು ಊರಿನ ಆಫ್‌ಸೆಟ್ ಮುದ್ರಣಾಲಯದ ದರ ಕೇಳುವುದು ಲೇಸು.

ಉಳಿತಾಯದ ದಾರಿಗಳು

ವೆಚ್ಚ ಇಳಿಸುವುದೆಂದರೆ ಕಳಪೆ ಕಾಗದ ತರಿಸುವುದಲ್ಲ. ಅಗತ್ಯವಿಲ್ಲದ ಮುದ್ರಣವನ್ನು ನಿಲ್ಲಿಸುವುದೇ ಮೊದಲ ಹೆಜ್ಜೆ.

1. ಆರಾಧನೆ ಮುಗಿದ ಬಳಿಕ ಬೆಂಚುಗಳ ಮೇಲೆ ಉಳಿದ ಪ್ರತಿಗಳನ್ನು ನಾಲ್ಕು ವಾರ ಎಣಿಸಿ. ವಾರಕ್ಕೆ 40 ಪ್ರತಿ ಉಳಿಯುತ್ತಿದ್ದರೆ ವರ್ಷಕ್ಕೆ 4,160 ಹಾಳೆ, ಅಂದರೆ ಎಂಟಕ್ಕೂ ಹೆಚ್ಚು ರೀಮ್ ವ್ಯರ್ಥವಾಗುತ್ತಿದೆ ಎಂದರ್ಥ.

2. ಪ್ರತಿ ವಾರ ಬದಲಾಗದ ಪ್ರಾರ್ಥನೆಗಳನ್ನು ಒಮ್ಮೆ ದಪ್ಪ ಕಾಗದದಲ್ಲಿ ಮುದ್ರಿಸಿ ಬೆಂಚುಗಳಲ್ಲಿ ಇರಿಸಿ. ವಾರದ ವಾಚನ, ಗೀತೆ, ಪ್ರಕಟಣೆಗಳಷ್ಟೇ ಒಂದು ಹಾಳೆಗೆ ಬಂದರೆ ಮೇಲಿನ ಲೆಕ್ಕದ 31,200 ಹಾಳೆ 15,600ಕ್ಕೆ ಇಳಿಯುತ್ತದೆ. ಇಷ್ಟು ಉಳಿತಾಯ ಕೊಡುವ ಮತ್ತೊಂದು ಕ್ರಮವಿಲ್ಲ.

3. ಎರಡೂ ಬದಿ ಮುದ್ರಣ ಮತ್ತು ಕಪ್ಪು-ಬಿಳುಪು ಮುದ್ರಣವನ್ನು ಕಂಪ್ಯೂಟರಿನಲ್ಲಿ ಶಾಶ್ವತ ಆಯ್ಕೆಯಾಗಿ ಇರಿಸಿ. ಬಣ್ಣ ಬೇಕಾದವರು ಪ್ರತ್ಯೇಕವಾಗಿ ಆರಿಸಿಕೊಳ್ಳಲಿ.

4. ಮೊದಲು ಒಂದೇ ಪ್ರತಿ ಮುದ್ರಿಸಿ, ಇನ್ನೊಬ್ಬರಿಂದ ಓದಿಸಿ. ಗೀತೆಯ ಸಂಖ್ಯೆ ತಪ್ಪಾಗಿದೆಯೆಂದು 300 ಪ್ರತಿ ಮುಗಿದ ಮೇಲೆ ತಿಳಿಯುವುದಕ್ಕಿಂತ ದುಬಾರಿಯಾದುದಿಲ್ಲ.

5. ಪ್ರಿಂಟರ್ ಪಕ್ಕದಲ್ಲೊಂದು ಪುಸ್ತಕ ಇಡಿ. ದಿನಾಂಕ, ಕೆಲಸ, ಯಾವ ಸಂಘಕ್ಕೆ, ಎಷ್ಟು ಪುಟ ಎಂಬ ನಾಲ್ಕು ಅಂಕಣ ಸಾಕು. ತಿಂಗಳ ಕೊನೆಯಲ್ಲಿ ಯಂತ್ರದೊಳಗಿನ ಪುಟ ಎಣಿಕೆಯೊಡನೆ ತಾಳೆ ನೋಡಿ. ಸ್ತ್ರೀ ಸಂಘ, ಗಾಯನ ಮಂಡಳಿ, ಭಾನುವಾರದ ಶಾಲೆ ಇವುಗಳ ಪಾಲು ಪ್ರತ್ಯೇಕವಾಗಿ ಕಾಣುತ್ತದೆ. ಯಾರನ್ನೂ ಶಂಕಿಸಬೇಕಿಲ್ಲ, ಲೆಕ್ಕ ಕಣ್ಣಿಗೆ ಬಿದ್ದರೆ ಬಳಕೆಯಲ್ಲಿ ಹಿಡಿತ ಮೂಡಲು ಅದೇ ನೆರವಾಗುತ್ತದೆ.

ಪ್ರಕಟಣೆಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುವುದು, ಗೀತೆಗಳನ್ನು ಪರದೆಯ ಮೇಲೆ ತೋರಿಸುವುದು ಇಂದು ಅನೇಕ ಕಡೆ ರೂಢಿಯಲ್ಲಿದೆ. ಇದು ಒಳ್ಳೆಯ ಉಳಿತಾಯವಾದರೂ ಕಾಗದವನ್ನು ಪೂರ್ತಿ ಕೈಬಿಡುವ ಮುನ್ನ ವಯಸ್ಸಾದವರನ್ನು ನೆನೆಯಬೇಕು. ಪರದೆ ಕಾಣದವರು, ಫೋನ್ ಬಳಸದವರು, ಕಾಯಿಲೆಯಿಂದ ಮನೆಯಲ್ಲೇ ಉಳಿದವರು ಚರ್ಚ್‌ನೊಡನೆ ಇಟ್ಟುಕೊಂಡ ಸಂಪರ್ಕ ಕೆಲವೊಮ್ಮೆ ಆ ಒಂದು ಹಾಳೆಯೇ ಆಗಿರುತ್ತದೆ. ಹೆಚ್ಚುವರಿ ಪ್ರತಿಗಳಲ್ಲಿ ಉಳಿಸಿದ ಹಣದಲ್ಲಿ ಹದಿನೆಂಟು ಪಾಯಿಂಟ್ ಗಾತ್ರದ ದೊಡ್ಡ ಅಕ್ಷರದ ಇಪ್ಪತ್ತು-ಮೂವತ್ತು ಪ್ರತಿಗಳನ್ನು ಅವರಿಗಾಗಿ ಮುದ್ರಿಸುವುದು ಸಾಧ್ಯ.

ಪ್ರಮಾಣಪತ್ರಕ್ಕೆ ಬೇರೆ ನಿಯಮ

ಜ್ಞಾನಸ್ನಾನ, ವಿವಾಹ, ಮರಣದ ದಾಖಲೆಗಳಿಂದ ತೆಗೆದುಕೊಡುವ ಪ್ರಮಾಣಪತ್ರಗಳನ್ನು ಜನರು ದಶಕಗಳ ಕಾಲ ಜೋಪಾನವಾಗಿಡುತ್ತಾರೆ. ಇಲ್ಲಿ ಉಳಿತಾಯದ ಮಾತು ಸಲ್ಲದು. ನೀರಿನಲ್ಲಿ ಕರಗುವ ಡೈ ಮಾದರಿಯ ಇಂಕ್‌ಜೆಟ್ ಶಾಯಿ ಒಂದು ಹನಿ ನೀರು ಬಿದ್ದರೂ ಹರಡಿಕೊಳ್ಳುತ್ತದೆ, ಬಿಸಿಲಿಗೆ ಮಾಸುತ್ತದೆ. ಲೇಸರ್ ಅಥವಾ ಪಿಗ್ಮೆಂಟ್ ಶಾಯಿ ಬಳಸುವುದು ಸೂಕ್ತ. ಬೇಡವಾದ ಪ್ರತಿಗಳಲ್ಲಿ ಕುಟುಂಬಗಳ ಖಾಸಗಿ ವಿವರಗಳಿರುವುದರಿಂದ ಅವನ್ನು ಹಿಂಬದಿ ಬಳಸುವ ಕಾಗದದ ರಾಶಿಗೆ ಸೇರಿಸದೆ ಹರಿದುಹಾಕಬೇಕು.

ಸಾಮಾನ್ಯ ತೊಂದರೆಗಳು, ಸರಳ ಪರಿಹಾರಗಳು

ಕಾಗದ ಸಿಕ್ಕಿಹಾಕಿಕೊಳ್ಳುವುದು: ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಇದು ಹೆಚ್ಚು. ಕಾಗದ ತೇವ ಹೀರಿ ಸುರುಳಿಯಾಗುತ್ತದೆ, ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರೀಮ್‌ನ ಹೊದಿಕೆಯನ್ನು ಬೇಕಾದಾಗ ಮಾತ್ರ ಬಿಚ್ಚಿ, ಉಳಿದುದನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆಲದಿಂದ ಮೇಲೆ ಇಡಿ. ತುಂಬುವ ಮುನ್ನ ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ. ಸಿಕ್ಕಿದ ಹಾಳೆಯನ್ನು ಯಂತ್ರ ನಿಲ್ಲಿಸಿ, ಕಾಗದ ಚಲಿಸುವ ದಿಕ್ಕಿನಲ್ಲೇ ಎರಡೂ ಕೈಯಿಂದ ಮೆಲ್ಲನೆ ಎಳೆಯಬೇಕು.

ಹಾಳೆ ಎಳೆದುಕೊಳ್ಳದಿರುವುದು: ರಬ್ಬರ್ ರೋಲರ್ ಮೇಲೆ ಕಾಗದದ ಧೂಳು ಕುಳಿತಿರುತ್ತದೆ. ನೀರಿನಲ್ಲಿ ತುಸು ಒದ್ದೆ ಮಾಡಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ.

ಒಂದೇ ಅಂತರದಲ್ಲಿ ಮರುಕಳಿಸುವ ಕಲೆ: ಡ್ರಮ್ ಅಥವಾ ರೋಲರ್‌ನಲ್ಲಿ ಗಾಯವಾಗಿದೆ. ಕಲೆಗಳ ನಡುವಿನ ಅಂತರವು ಆ ಭಾಗದ ಸುತ್ತಳತೆಗೆ ಸಮನಾಗಿರುವುದರಿಂದ ಯಾವ ಭಾಗ ಬದಲಿಸಬೇಕೆಂದು ತಂತ್ರಜ್ಞರು ಅಳೆದು ಹೇಳಬಲ್ಲರು.

ಮುಟ್ಟಿದರೆ ಅಕ್ಷರ ಉದುರುವುದು: ಫ್ಯೂಸರ್ ಸಾಕಷ್ಟು ಬಿಸಿಯಾಗುತ್ತಿಲ್ಲ, ಅಥವಾ ದಪ್ಪ ಕಾಗದ ಹಾಕಿ 'ಸಾಮಾನ್ಯ ಕಾಗದ' ಎಂದು ಆಯ್ಕೆ ಮಾಡಲಾಗಿದೆ. ಮೊದಲು ಆಯ್ಕೆಯನ್ನು ಸರಿಪಡಿಸಿ ನೋಡಿ.

ಇಂಕ್‌ಜೆಟ್‌ನಲ್ಲಿ ಬಿಳಿ ಗೆರೆಗಳು: ಒಂದೆರಡು ಬಾರಿ ಶುಚಿಗೊಳಿಸುವ ಆಯ್ಕೆ ಬಳಸಿ, ಕೆಲವು ಗಂಟೆ ಬಿಟ್ಟು ಮತ್ತೆ ಪ್ರಯತ್ನಿಸಿ. ಬೆನ್ನುಬೆನ್ನಿಗೆ ಹತ್ತು ಬಾರಿ ಶುಚಿಗೊಳಿಸಿದರೆ ಶಾಯಿಯೆಲ್ಲ ಒಳಗಿನ ತ್ಯಾಜ್ಯ ಸ್ಪಂಜಿಗೆ ಸೇರುತ್ತದೆ. ಅದು ತುಂಬಿದಾಗ ಯಂತ್ರ ತಾನಾಗಿ ನಿಂತುಬಿಡುತ್ತದೆ.

'ಆಫ್‌ಲೈನ್' ಎಂಬ ಸೂಚನೆ: ವೈ-ಫೈ ರೂಟರ್ ಪ್ರಿಂಟರ್‌ಗೆ ಹೊಸ ಐಪಿ ವಿಳಾಸ ಕೊಟ್ಟಾಗ ಕಂಪ್ಯೂಟರ್ ಹಳೆಯ ವಿಳಾಸದಲ್ಲೇ ಹುಡುಕುತ್ತಿರುತ್ತದೆ. ರೂಟರ್‌ನಲ್ಲಿ ಪ್ರಿಂಟರ್‌ಗೆ ಒಂದೇ ವಿಳಾಸವನ್ನು ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ. ಒಂದೇ ಕಂಪ್ಯೂಟರ್ ಇದ್ದಲ್ಲಿ ಯುಎಸ್‌ಬಿ ತಂತಿಯೇ ನಂಬಿಗಸ್ತ.

ರದ್ದು ಮಾಡಿದರೂ ಹೋಗದ ಕೆಲಸ: ವಿಂಡೋಸ್‌ನ 'ಸರ್ವಿಸಸ್' ಪಟ್ಟಿಯಲ್ಲಿ 'ಪ್ರಿಂಟ್ ಸ್ಪೂಲರ್' ಅನ್ನು ನಿಲ್ಲಿಸಿ ಮತ್ತೆ ಆರಂಭಿಸಿ. ಗಣಕವನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೂ ಹೆಚ್ಚಿನ ವೇಳೆ ಸರಿಹೋಗುತ್ತದೆ.

ಚೆಲ್ಲಿದ ಟೋನರ್ ಪುಡಿಯನ್ನು ಬಿಸಿನೀರಿನಿಂದ ಒರೆಸಬಾರದು; ಅದು ಕರಗಿ ಅಂಟಿಕೊಳ್ಳುತ್ತದೆ. ತಣ್ಣೀರಿನ ಒದ್ದೆ ಬಟ್ಟೆ ಸಾಕು. ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಸಣ್ಣ ಪುಡಿ ಗಾಳಿಗೆ ಹರಡುತ್ತದೆ.

ಕನ್ನಡ ಅಕ್ಷರದ ಸಮಸ್ಯೆ

ನಮ್ಮ ರಾಜ್ಯದ ಚರ್ಚ್ ಕಚೇರಿಗಳಿಗೆ ವಿಶಿಷ್ಟವಾದ ತೊಂದರೆಯೊಂದಿದೆ. ಕನ್ನಡ, ತುಳು ಮತ್ತು ಕನ್ನಡ ಲಿಪಿಯ ಕೊಂಕಣಿ ಗೀತೆಗಳನ್ನು ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಡಲಾಗಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಕಂಪ್ಯೂಟರ್ ಬದಲಿಸಿದ ದಿನವೇ ದಶಕಗಳ ಗೀತಸಂಗ್ರಹ ಓದಲಾಗದಂತಾಗುವ ಅಪಾಯ ಇಲ್ಲಿದೆ. ಹಳೆಯ ಕಂಪ್ಯೂಟರ್ ಕೆಲಸ ಮಾಡುತ್ತಿರುವಾಗಲೇ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿಕೊಂಡು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು.

ಮುದ್ರಣಕ್ಕೆ ಹೊರಗೆ ಕಳುಹಿಸುವಾಗ ಫಾಂಟ್ ಅಳವಡಿಸಿದ ಪಿಡಿಎಫ್ ಕಡತವನ್ನೇ ಕಳುಹಿಸಿ. ಪಿಡಿಎಫ್‌ನಲ್ಲೂ ಅಕ್ಷರ ಕೆಟ್ಟರೆ 'ಚಿತ್ರವಾಗಿ ಮುದ್ರಿಸು' ಎಂಬ ಆಯ್ಕೆ ನೆರವಾಗುತ್ತದೆ. ಒತ್ತಕ್ಷರಗಳ ತಳ ಕತ್ತರಿಸಿದಂತೆ ಕಂಡರೆ ಸಾಲಿನ ಅಂತರವನ್ನು ನಿರ್ದಿಷ್ಟ ಅಳತೆಗೆ ಕಟ್ಟಿಹಾಕಿರುವುದೇ ಕಾರಣವಾಗಿರಬಹುದು, ಅದನ್ನು ಸಡಿಲಿಸಬೇಕು.

ಮರುಭರ್ತಿ, ನಿರ್ವಹಣೆ, ತ್ಯಾಜ್ಯ

ಟೋನರ್ ಮರುಭರ್ತಿ ಅಗ್ಗವೆಂಬುದು ನಿಜ. ಆದರೆ ಡ್ರಮ್ ಸವೆದಿದ್ದರೆ ಮರುಭರ್ತಿಯಿಂದ ಅಕ್ಷರ ಸುಧಾರಿಸದು. ಪುಡಿ ಸೋರಿ ಯಂತ್ರವೂ ಕೆಡಬಹುದು. ವಾರದ ಪ್ರಕಟಣೆಗೆ ಮರುಭರ್ತಿ, ಪ್ರಮಾಣಪತ್ರಕ್ಕೆ ಮೂಲ ಕಾರ್ಟ್ರಿಡ್ಜ್ ಎಂಬ ವಿಭಜನೆ ವಿವೇಕಯುತ. ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅದರಲ್ಲಿ ಬಿಡಿಭಾಗಗಳು ಸೇರಿವೆಯೇ, ಶನಿವಾರ ತಂತ್ರಜ್ಞರು ಬರುವರೇ ಎಂಬೆರಡನ್ನು ಬರಹದಲ್ಲಿ ಪಡೆಯಿರಿ.

ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಪ್ರಕಾರ ಪ್ರಿಂಟರ್ ಮತ್ತು ಕಾರ್ಟ್ರಿಡ್ಜ್‌ಗಳು ವಿದ್ಯುನ್ಮಾನ ತ್ಯಾಜ್ಯದ ಪಟ್ಟಿಗೆ ಸೇರುತ್ತವೆ. ಅವನ್ನು ಕಸದ ಗಾಡಿಗೆ ಹಾಕದೆ ಕಂಪನಿಯ ಸಂಗ್ರಹ ಕೇಂದ್ರಕ್ಕೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.

ಗೀತೆಗಳ ಹಕ್ಕುಸ್ವಾಮ್ಯದ ಬಗೆಗೂ ಎಚ್ಚರ ಅಗತ್ಯ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಾಮಾಣಿಕ ಧಾರ್ಮಿಕ ಸಮಾರಂಭದಲ್ಲಿ ಕೃತಿಯನ್ನು ಹಾಡುವುದಕ್ಕೆ ವಿನಾಯಿತಿ ನೀಡಿದೆ. ಆದರೆ ಹಾಡಲು ಸಿಕ್ಕ ವಿನಾಯಿತಿಯನ್ನು ಪ್ರತಿ ಮುದ್ರಿಸಲು ಸಿಕ್ಕ ಅನುಮತಿ ಎಂದು ತಿಳಿಯಬಾರದು. ರಚನಕಾರರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಇತ್ತೀಚಿನ ಗೀತೆಯಾದರೆ ಪ್ರಕಾಶಕರ ಅನುಮತಿ ಪಡೆಯುವುದು ಕ್ಷೇಮ.

ಶನಿವಾರ ರಾತ್ರಿಯ ಆತಂಕ ತಪ್ಪಲು

ಅವಸರದಲ್ಲಿ ಖರೀದಿಸಿದ ಕಾರ್ಟ್ರಿಡ್ಜ್‌ಗೆ ಕೇಳಿದ ಬೆಲೆ ತೆರಬೇಕಾಗುತ್ತದೆ. ಪ್ರಕಟಣೆಗಳನ್ನು ಗುರುವಾರ ಸಂಜೆಗೆ ಸ್ವೀಕರಿಸಿ ಮುಗಿಸಿ, ಶುಕ್ರವಾರ ಮುದ್ರಿಸುವ ಪದ್ಧತಿಯಿದ್ದರೆ ಯಂತ್ರ ಕೈಕೊಟ್ಟರೂ ಅಂಗಡಿ ತೆರೆದಿರುವ ಒಂದು ದಿನ ಕೈಯಲ್ಲಿರುತ್ತದೆ. ಒಂದು ಹೆಚ್ಚುವರಿ ಕಾರ್ಟ್ರಿಡ್ಜ್, ಎರಡು ರೀಮ್ ಕಾಗದ, ಹತ್ತಿರದ ಜೆರಾಕ್ಸ್ ಅಂಗಡಿಯ ದೂರವಾಣಿ ಸಂಖ್ಯೆ ಮತ್ತು ಪೆನ್‌ಡ್ರೈವ್‌ನಲ್ಲಿ ಆ ವಾರದ ಪಿಡಿಎಫ್ ಈ ನಾಲ್ಕು ಸದಾ ಸಿದ್ಧವಿರಲಿ. ಮರಣದ ಸುದ್ದಿ ಬಂದಾಗ ಮಾತ್ರ ಯಾವ ವೇಳಾಪಟ್ಟಿಯೂ ನಡೆಯದು. ಅಂತ್ಯಕ್ರಿಯೆಯ ಆರಾಧನಾ ಕ್ರಮದ ಮಾದರಿ ಕಡತವನ್ನು ಮೊದಲೇ ಸಿದ್ಧಪಡಿಸಿಟ್ಟಿದ್ದರೆ ಹೆಸರು, ದಿನಾಂಕ ತುಂಬಿ ಕೆಲವೇ ನಿಮಿಷಗಳಲ್ಲಿ ಮುದ್ರಿಸಬಹುದು.

ಮುಂದಿನ ವಾರ್ಷಿಕ ಲೆಕ್ಕಪತ್ರದಲ್ಲಿ 'ಕಚೇರಿ ಖರ್ಚು' ಎಂಬುದರಿಂದ ಮುದ್ರಣವನ್ನು ಬೇರ್ಪಡಿಸಿ, ಕಾಗದ, ಶಾಯಿ, ದುರಸ್ತಿ ಎಂಬ ಮೂರು ಸಾಲುಗಳಲ್ಲಿ ತೋರಿಸಿದರೆ ಸಾಕು. ಎಷ್ಟು ಮುದ್ರಿಸಬೇಕು, ಯಾರಿಗಾಗಿ ಮುದ್ರಿಸಬೇಕು ಎಂಬುದನ್ನು ಆಗ ಸಭೆಯೇ ತೀರ್ಮಾನಿಸಬಹುದು.